ಕೆರೇಲಿ ಗಿಡದ ಬೇರಿಗೆ ಅಂಟಿರೋ ಮೊಟ್ಟೆ ಯಾವ ಮೀನಿಂದು ಅಂತ ಕೇಳಿದ್ರಲ್ಲ, ಅದಕ್ಕೆ

ಮೇಡಂ, ಯಲಹಂಕ ಕಡೆ ಕೆರೇಲಿ ಅಂತರಗಂಗೆ ಬೇರಿಗೆ ಅಂಟ್ಕೊಂಡಿರೋ ಹಳದಿ ಮೊಟ್ಟೆ ಫೋಟೋ ಹಾಕಿ, ಇದು ಮಹಶೀರ್ ಇರ್ಬಹುದಾ, ಮನೇಲಿ ಮರಿ ಮಾಡಿಸಿ ಕಾವೇರಿಗೆ ಬಿಡ್ಲಾ ಅಂತ ಕೇಳಿದೀರಾ. ಕೆಳಗೆ ಕೆಲವರು ಬಿಡಿ ಬಿಡಿ ಅಂದಿದಾರೆ. ದಯವಿಟ್ಟು ಬೇಡ. ಮಹಶೀರ್ ಹರಿಯೋ ನೀರಲ್ಲಿ ಕಲ್ಲು, ಜಲ್ಲಿ ಇರೋ ಕಡೆ ಮೊಟ್ಟೆ ಇಡೋ ಮೀನು, ಮೊಟ್ಟೆ ತಳಕ್ಕೆ ಹೋಗಿ ಕೂರುತ್ತೆ, ಗಾತ್ರಾನೂ ಎರಡೂವರೆ ಮೂರು ಮಿಲಿಮೀಟರ್ ಬರುತ್ತೆ. ನಿಮ್ಮ ಫೋಟೋದಲ್ಲಿರೋದು ಅದಲ್ಲ. ಹಂಗಂತ ಇಂಥದ್ದೇ ಅಂತ ಬರೀ ಮೊಟ್ಟೆ ನೋಡಿ ನಾನೂ ಹೇಳಲ್ಲ.

ಬಣ್ಣ ಬಿಡಿ, ಮೊಟ್ಟೆ ಎಲ್ಲಿದೆ ಹೆಂಗಿದೆ ಅನ್ನೋದು ಮುಖ್ಯ. ಬೇರಿಗೆ ಒಂದೊಂದಾಗಿ ಅಂಟಿದ್ರೆ ನಮ್ಮ ಕಡೆ ಹೆಚ್ಚಾಗಿ ಹೊರಗಿಂದ ತಂದ ಕಾಮನ್ ಕಾರ್ಪ್ ಮೀನಿಂದು, ಆದ್ರೆ ಇಲ್ಲಿಯವೇ ಆದ ಬಾರ್ಬ್ ಅನ್ನೋ ಸಣ್ಣ ಮೀನುಗಳೂ ಹಂಗೇ ಅಂಟಿಸ್ತವೆ. ಕಾಟ್ಲಾ, ರೋಹು ನಿಂತ ನೀರಲ್ಲಿ ಮೊಟ್ಟೆ ಇಡಲ್ಲ, ಕೆರೇಲಿರೋದೆಲ್ಲ ಮರಿ ತಂದು ಬಿಟ್ಟಿರೋದು. ಜಿಲೇಬಿ ಮೀನಲ್ಲಿ (ತಿಲಾಪಿಯಾ) ಹೆಣ್ಣು ಬಾಯಲ್ಲೇ ಮೊಟ್ಟೆ ಇಟ್ಕೊಳುತ್ತೆ, ಗಪ್ಪಿ ನೇರ ಮರಿ ಹಾಕುತ್ತೆ. ಗಿಡ ಸರಿಸಿ ಖಾಲಿ ಮಾಡಿರೋ ಜಾಗದಲ್ಲಿ ಚಿನ್ನದ ಬಣ್ಣದ ಮೊಟ್ಟೆ ತೇಲ್ತಿದ್ರೆ ಅದು ಕೊರಮೀನು, ದೊಡ್ಡ ಮೀನು ಕೆಳಗೇ ಕಾಯ್ತಿರುತ್ತೆ, ಆಮೇಲೆ ಕೆಂಪು ಮರಿಗಳ ಹಿಂಡು ಒಟ್ಟಿಗೇ ಮೇಲೆ ಬರೋದು ಮುಳುಗೋದು ಮಾಡುತ್ತೆ, ಆ ಹಿಂಡಿಗೆ ಮಾತ್ರ ಬಲೆ ಹಾಕ್ಬೇಡಿ, ಕಾಯೋ ಮೀನು ದೂರ ಆದ್ರೆ ಮಿಕ್ಕಿದ ಮೀನುಗಳು ಮರಿ ತಿಂದು ಮುಗಿಸ್ತವೆ. ಸಬ್ಬಕ್ಕಿ ಪಾಯಸದ ಥರ ಲೋಳೆ ಒಳಗೆ ಕಪ್ಪು ಚುಕ್ಕೆ ಇದ್ರೆ ಅದು ಕಪ್ಪೆ ಮೊಟ್ಟೆ. ನೀರಿಂದ ಮೇಲೆ ಗುಲಾಬಿ ಬಣ್ಣದ ಮೊಟ್ಟೆ ಗೊಂಚಲು ಕಂಡ್ರೆ ಅದು ಬಸವನಹುಳುದು.

ಕಾಮನ್ ಕಾರ್ಪ್ ಮೊಟ್ಟೆ ಎರಡು ಮೂರು ದಿನದಲ್ಲಿ ಒಡೆಯುತ್ತೆ, ಅದಕ್ಕೆ ಅದೇ ಜಾಗಕ್ಕೆ ಮತ್ತೆ ಹೋಗಿ ನೋಡೋದು ಒಳ್ಳೇದು. ಬೆಳ್ಳಗೆ ಮಂಕಾಗಿ ಮೇಲೆ ಬೂಸ್ಟು ಹಿಡಿದಿರೋದು ಸತ್ತ ಮೊಟ್ಟೆ, ಒಳಗೆ ಎರಡು ಕಪ್ಪು ಕಣ್ಣು ಕಾಣೋದು ಚೆನ್ನಾಗಿ ಬೆಳೀತಿದೆ ಅಂತ. ಮರಿ ಆದ್ಮೇಲೆ ಒಂದನ್ನ ಚಪ್ಪಟೆ ಗಾಜಿನ ಡಬ್ಬೀಲಿ ಸ್ವಲ್ಪ ನೀರು ಹಾಕಿ ಬಿಟ್ಟು, ಹಿಂದಿಂದ ಬೆಳಕು ಬಿಟ್ಟು ಪಕ್ಕದಿಂದ ಫೋಟೋ ತೆಗೀರಿ, ಮೇಲಿಂದ ತೆಗೆದಿದ್ದು ಏನಕ್ಕೂ ಬರಲ್ಲ. ಪಕ್ಕದಿಂದ ತೆಗೆದ್ರೆ ಹೊಟ್ಟೆ ಕೆಳಗಿನ ಹಳದಿ ಚೀಲ ಎಷ್ಟು ಉಳಿದಿದೆ, ಮಲದ್ವಾರ ದೇಹದ ಮಧ್ಯದಲ್ಲಿದ್ಯಾ ಹಿಂದಕ್ಕಿದ್ಯಾ, ಕಪ್ಪು ಚುಕ್ಕೆ ಎಲ್ಲೆಲ್ಲಿದೆ, ಮಲದ್ವಾರದ ಹಿಂದೆ ಮುಂದೆ ಸ್ನಾಯುವಿನ ಪಟ್ಟಿ ಎಷ್ಟೆಷ್ಟು ಅಂತ ಎಣಿಸ್ಬಹುದು. ಕಾರ್ಪ್ ಜಾತಿಯವಕ್ಕೆ ಮಲದ್ವಾರ ಮಧ್ಯಕ್ಕಿಂತ ಚೆನ್ನಾಗಿ ಹಿಂದೆ ಇರುತ್ತೆ, ಕ್ಯಾಟ್‌ಫಿಶ್ ಮರಿಗೆ ಬೇಗ ಮೀಸೆ ಬರುತ್ತೆ. ಪಕ್ಕದಲ್ಲಿ ಗ್ರಾಫ್ ಪೇಪರ್ ಇಡಿ, ಇಲ್ಲಾಂದ್ರೆ ಗಾತ್ರ ಗೊತ್ತಾಗಲ್ಲ.

ಇಷ್ಟಾದ್ರೂ ಮೀನು ಯಾವ ಕುಟುಂಬದ್ದು ಅಂತಷ್ಟೇ ಹೇಳ್ಬಹುದು, ಅದಕ್ಕಿಂತ ಒಳಗೆ ಹೋಗ್ಬೇಕು ಅಂದ್ರೆ ಡಿಎನ್ಎ ಬೇಕು. ಸಿಓಐ ಅನ್ನೋ ಒಂದು ಜೀನಿನ ಸುಮಾರು 650 ಅಕ್ಷರ ಓದಿ ಡೇಟಾಬೇಸ್ ಜೊತೆ ಹೋಲಿಸ್ತಾರೆ. ಅದಕ್ಕೆ ಸತ್ತಿರೋ ಒಂದೆರಡು ಮೊಟ್ಟೆ, ಬೂಸ್ಟು ಹಿಡಿಯದಿರೋದು, ಸಾಕು, 95% ಎಥೆನಾಲಲ್ಲಿ ಹಾಕಿ, ಮಾರನೇ ದಿನ ಎಥೆನಾಲ್ ಬದಲಾಯಿಸಿ, ಯಾಕಂದ್ರೆ ಮೊಟ್ಟೇಲಿರೋ ನೀರು ಸೇರಿ ತೆಳುವಾಗುತ್ತೆ. ಫಾರ್ಮಲಿನ್ ಬೇಡ, ಡಿಎನ್ಎ ಹಾಳಾಗುತ್ತೆ. ಲೇಬಲ್ ಪೆನ್ಸಿಲಲ್ಲಿ ಬರೆದು ಡಬ್ಬಿ ಒಳಗೇ ಹಾಕಿ, ಪೆನ್ ಇಂಕ್ ಎಥೆನಾಲಿಗೆ ಅಳಿಸಿ ಹೋಗುತ್ತೆ. ಫೋಟೋ ಮಾತ್ರ ಮೊದ್ಲೇ ತೆಗೀರಿ, ಬಣ್ಣ ಉಳಿಯಲ್ಲ. ಇಲ್ಲೇ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಮೀನು ಸಂಶೋಧನಾ ಕೇಂದ್ರಗಳಿವೆ, ಮೊದ್ಲು ಅಲ್ಲಿ ವಿಚಾರಿಸಿ.

ಕಾವೇರಿಗೆ ಬಿಡೋ ವಿಷಯಕ್ಕೆ ಯಾಕಿಷ್ಟು ಹೇಳ್ತಿದೀನಿ ಅಂದ್ರೆ, ಅಲ್ಲಿನ ಹಂಪ್‌ಬ್ಯಾಕ್ ಮಹಶೀರ್ ಕಾವೇರಿ ಮತ್ತೆ ಅದರ ಉಪನದಿಗಳು ಬಿಟ್ಟು ಬೇರೆಲ್ಲೂ ಇಲ್ಲ, ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವ್ದು ಅಂತ ಖಚಿತ ಆಗಿದ್ದೇ 2018ರಲ್ಲಿ, ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟೀಲಿ ಅತಿ ಹೆಚ್ಚು ಅಪಾಯದ ಗುಂಪಲ್ಲಿದೆ. ಆ ನದಿಗೆ ಒಳ್ಳೇ ಮನಸ್ಸಿಂದಲೇ ಹ್ಯಾಚರಿಯಲ್ಲಿ (ಮರಿ ಮಾಡಿಸೋ ಕೇಂದ್ರ) ಬೆಳೆಸಿದ ಮಹಶೀರ್ ಮರಿ ತಂದು ಬಿಟ್ರು, ನೀಲಿ ರೆಕ್ಕೆಯ ಬೇರೆ ಜಾತಿಯದ್ದು, ಈಗ ಅಲ್ಲಿ ಅದೇ ಜಾಸ್ತಿ. ಎರಡೂ ಕೂಡಿ ಮಿಶ್ರತಳಿ ಆಗಿದ್ರೆ, ಸಿಓಐ ಜೀನು ತಾಯಿಯಿಂದಷ್ಟೇ ಬರೋದ್ರಿಂದ, ಆ ಟೆಸ್ಟಲ್ಲೂ ತಾಯಿ ಯಾವ್ದು ಅಂತಷ್ಟೇ ಗೊತ್ತಾಗುತ್ತೆ, ತಂದೆ ಗೊತ್ತಾಗಲ್ಲ. ಹಂಗಿರೋವಾಗ ಹೆಸರೇ ಗೊತ್ತಿಲ್ಲದ ಕೆರೆ ಮರಿ ಹೊಳೆಗೆ ಬಿಡೋದು ಆ ಮೀನಿಗೆ ಇನ್ನೊಂದು ಪೆಟ್ಟು. ಸಂಗಮ, ಮುತ್ತತ್ತಿ, ಭೀಮೇಶ್ವರಿ ಕಡೆ ವನ್ಯಜೀವಿ ಧಾಮ, ಅಲ್ಲಿ ಅರಣ್ಯ ಇಲಾಖೆ ಅನುಮತಿ ಇಲ್ದೆ ಒಂದು ಮೊಟ್ಟೆನೂ ಮುಟ್ಟೋ ಹಾಗಿಲ್ಲ.

ಸದ್ಯಕ್ಕೆ ಬೇರನ್ನ ಇದ್ದ ಜಾಗದಲ್ಲೇ ನೀರಲ್ಲಿ ಬಿಟ್ಟುಬಿಡಿ ಮೇಡಂ. ನಾಳೆ ನಾಡಿದ್ದು ಹೋದ್ರೆ ಪಕ್ಕದ ಫೋಟೋ, ನೀರಿನ ಟೆಂಪರೇಚರ್, ಟೈಮು ಇಲ್ಲೇ ಹಾಕಿ, ಸ್ನಾಯುವಿನ ಪಟ್ಟಿ ಎಣಿಸೋಕೆ ನಾನೂ ಕೂರ್ತೀನಿ.