ನೂರಹತ್ತು ರಾತ್ರಿ ಕಡಲ ಮೇಲೆ: ಅಷ್ಟು ದುಡ್ಡು ಹಾಕಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನೀವು ಪ್ರಯಾಣಿಕರ ಹಡಗಿನ ರಿಸೆಪ್ಶನ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಅಂತ ಓದಿದ್ದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನನಗೆ 64 ವರ್ಷ, ನನ್ನ ಹೆಂಡತಿಗೆ 61. ಇಬ್ಬರೂ ನಿವೃತ್ತರು. ಹಡಗಿನಲ್ಲಿ ಪ್ರಪಂಚ ಸುತ್ತಬೇಕು ಅನ್ನುವುದು ನನಗೆ ಚಿಕ್ಕಂದಿನ ಆಸೆ. ಈಗ ಒಂದು ಕ್ರೂಸ್ ನೋಡಿಟ್ಟಿದ್ದೇನೆ. 110 ರಾತ್ರಿ, 40 ಬಂದರು. ಪನಾಮಾ ಕಾಲುವೆ ದಾಟಿ ಪೆಸಿಫಿಕ್, ಆಮೇಲೆ ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾ, ಕೊನೆಗೆ ಆಫ್ರಿಕಾದ ತುದಿ ಬಳಸಿಕೊಂಡು ಯುರೋಪ್. ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಂಡರೆ ನಮ್ಮ ಉಳಿತಾಯದಲ್ಲಿ ಕಾಲು ಭಾಗ ಹೋಗುತ್ತದೆ. ಮಕ್ಕಳು "ನಿಮ್ಮ ದುಡ್ಡು, ನಿಮ್ಮಿಷ್ಟ" ಅನ್ನುತ್ತಾರೆ. ಹೆಂಡತಿ ಮಾತ್ರ "ಅದೇ ದುಡ್ಡಲ್ಲಿ ವರ್ಷಕ್ಕೊಂದರಂತೆ ನಾಲ್ಕು ದೇಶ ಆರಾಮಾಗಿ ನೋಡಬಹುದು" ಅನ್ನುತ್ತಾಳೆ. ಮುಂಗಡ ಕಟ್ಟಲು ಮೂರು ವಾರ ಉಳಿದಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಒಂದು ಲೆಕ್ಕ ಹಾಕಿದೆ. ಹಡಗು ಒಂದು ಬಂದರಿನಲ್ಲಿ ಸಾಮಾನ್ಯವಾಗಿ ಎಂಟರಿಂದ ಹತ್ತು ಗಂಟೆ ನಿಲ್ಲುತ್ತದೆ. ಒಂಬತ್ತು ಅಂತಲೇ ಇಟ್ಟುಕೊಳ್ಳಿ. 40 ಬಂದರಿಗೆ 360 ಗಂಟೆ. ಅಂದರೆ ಹದಿನೈದು ದಿನ. ಎರಡು ಮೂರು ಕಡೆ ರಾತ್ರಿಯೂ ತಂಗಬಹುದು, ಆಗ ಸ್ವಲ್ಪ ಜಾಸ್ತಿ ಆಗುತ್ತದೆ. ಏನೇ ಆದರೂ, 110 ದಿನದಲ್ಲಿ ನೆಲದ ಮೇಲೆ ಕಳೆಯಲು ಸಿಗುವ ಹೊತ್ತು ಇಷ್ಟೇ. ಉಳಿದದ್ದೆಲ್ಲ ಹಡಗು ಮತ್ತು ನೀರು.

ಆ ಹದಿನೈದು ದಿನವೂ ಪೂರ್ತಿ ನಿಮ್ಮದಲ್ಲ. ಬ್ರೋಷರಿನಲ್ಲಿ 'ರೋಮ್' ಅಂತ ಇರುತ್ತದೆ. ಹಡಗು ನಿಲ್ಲುವುದು ಚಿವಿತವೆಕ್ಕಿಯಾದಲ್ಲಿ, ರೋಮ್‌ನಿಂದ ಸುಮಾರು 80 ಕಿಲೋಮೀಟರ್ ದೂರ. 'ಬ್ಯಾಂಕಾಕ್' ಅಂದರೆ ಹೆಚ್ಚಿನ ದೊಡ್ಡ ಹಡಗುಗಳಿಗೆ ಲೇಮ್ ಚಬಾಂಗ್ ಬಂದರು, ಊರಿಗೆ 120 ಕಿಲೋಮೀಟರಿಗೂ ಮೇಲೆ. 'ಪ್ಯಾರಿಸ್' ಅಂತ ಬರೆದಿದ್ದರೆ ಅದು ಲೆ ಹಾವ್ರ್, ಅಲ್ಲಿಂದ ಪ್ಯಾರಿಸ್‌ಗೆ ಸುಮಾರು 200 ಕಿಲೋಮೀಟರ್. ಹೋಗಿ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ. ಹೊರಡುವ ಹೊತ್ತಿಗೆ ಅರ್ಧ ಗಂಟೆಗೂ ಮುಂಚೆ ಹಡಗಿನೊಳಗೆ ಇರಬೇಕು. ಕಂಪನಿಯ ಟೂರ್ ಬಸ್ ತಡವಾದರೆ ಕಾಯುತ್ತಾರೆ. ನೀವಾಗಿಯೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಕಾಯಬೇಕೆಂದೇನೂ ಇಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹಡಗು ಹಿಡಿಯಬೇಕು.

ಹಾಗಾಗಿ ದೇಶ ನೋಡುವುದೇ ಉದ್ದೇಶವಾದರೆ ನಿಮ್ಮ ಹೆಂಡತಿ ಹೇಳುವುದು ಸರಿ. ಅದೇ ದುಡ್ಡಿಗೆ ಒಂದೊಂದು ದೇಶದಲ್ಲಿ ವಾರಗಟ್ಟಲೆ ಇರಬಹುದು.

ಆದರೆ ನೀವು ಬರೆದಿರುವುದು "ಹಡಗಿನಲ್ಲಿ ಪ್ರಪಂಚ ಸುತ್ತಬೇಕು" ಅಂತ. ನಾನು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಡಲಿನ ಸಲುವಾಗಿಯೇ ಬರುವ ಜನರನ್ನು ನಾನು ಕಂಡಿದ್ದೇನೆ. ಪನಾಮಾ ಕಾಲುವೆ ದಾಟುವ ದಿನ ಅವರು ಬೆಳಕು ಹರಿಯುವ ಮೊದಲೇ ಮುಂದಿನ ಡೆಕ್ಕಿಗೆ ಬಂದು ನಿಂತಿರುತ್ತಾರೆ. 1914ರಲ್ಲಿ ಶುರುವಾದ ಕಾಲುವೆ ಅದು, 80 ಕಿಲೋಮೀಟರ್ ಉದ್ದ. ಗೇಟು ಮುಚ್ಚಿದ ದೊಡ್ಡ ತೊಟ್ಟಿಗಳಲ್ಲಿ ಮೂರು ಹಂತದಲ್ಲಿ ನೀರು ತುಂಬಿಸಿ ಇಡೀ ಹಡಗನ್ನು 26 ಮೀಟರ್ ಮೇಲಕ್ಕೆತ್ತುತ್ತಾರೆ. ಅಷ್ಟು ಎತ್ತರದಲ್ಲಿರುವ ಸರೋವರ ದಾಟಿದ ಮೇಲೆ ಆ ಕಡೆ ಮತ್ತೆ ಮೂರು ಹಂತದಲ್ಲಿ ಇಳಿಸುತ್ತಾರೆ. ಹಗಲು ಪೂರ್ತಿ ಬೇಕು. ವಿಮಾನದಲ್ಲಿ ಹೋಗುವವರಿಗೆ ಇದು ಯಾವತ್ತೂ ಸಿಗುವುದಿಲ್ಲ.

ಪೆಸಿಫಿಕ್ ಇನ್ನೂ ಬೇರೆ. ಅಮೆರಿಕದ ಪಶ್ಚಿಮ ಕರಾವಳಿಯಿಂದ ಹವಾಯಿಗೆ ಹೊರಟರೆ ಐದು ದಿನದ ಹತ್ತಿರ ಬರೀ ನೀರು. ಪಶ್ಚಿಮಕ್ಕೆ ಹೋಗುವುದರಿಂದ ಆಗಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನಗಳಿಗೆ 25 ಗಂಟೆ. ನಿದ್ದೆಗೂ ಒಳ್ಳೆಯದು, ಮೈಗೂ ಒಳ್ಳೆಯದು. ಹೀಗೆ ಗಳಿಸಿದ ಹೊತ್ತೆಲ್ಲ ಅಂತಾರಾಷ್ಟ್ರೀಯ ದಿನರೇಖೆ ದಾಟುವಾಗ ಒಂದೇ ಏಟಿಗೆ ಹೋಗುತ್ತದೆ. ಕ್ಯಾಲೆಂಡರಿನ ಒಂದು ತಾರೀಕು ನಿಮ್ಮ ಬದುಕಿನಲ್ಲಿ ಇರುವುದೇ ಇಲ್ಲ. ನಿಮ್ಮ ದಾರಿ ಪಶ್ಚಿಮಕ್ಕಿದೆ. ದಾರಿಯ ವಿಷಯದಲ್ಲಿ ನಿಮ್ಮ ಆಯ್ಕೆ ಚೆನ್ನಾಗಿದೆ.

ಎರಡನೇ ವಾರದ ಹೊತ್ತಿಗೆ ಕೌಂಟರಿನಲ್ಲಿ ನಮಗೆ ಗೊತ್ತಾಗಿಬಿಡುತ್ತಿತ್ತು. ಒಂದಷ್ಟು ಜನ ಬಂದು "ಮುಂದಿನ ಬಂದರು ಯಾವಾಗ?" ಅಂತ ದಿನಕ್ಕೆರಡು ಸಲ ಕೇಳುತ್ತಿದ್ದರು. ಇನ್ನೊಂದಷ್ಟು ಜನ ಕೌಂಟರಿನ ಕಡೆಗೆ ಬರುತ್ತಲೇ ಇರಲಿಲ್ಲ. ಹೆಣಿಗೆ, ಓದು, ಇಸ್ಪೀಟು, ಹಾಡಿನ ಗುಂಪು, ಹಕ್ಕಿ ನೋಡುವುದು, ಸುಮ್ನೆ ಕುರ್ಚಿ ಹಾಕಿ ಕೂರುವುದು. ದುಡ್ಡು ಸಾರ್ಥಕವಾಗಿದ್ದು ಈ ಎರಡನೆಯವರಿಗೆ. ಅವರು ಶ್ರೀಮಂತರೇ ಆಗಿರಬೇಕೆಂದೇನೂ ಇರಲಿಲ್ಲ. ಎಷ್ಟೋ ಜನ ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್‌ನಲ್ಲಿದ್ದರು.

ನೀವು ಯಾವ ಗುಂಪಿನವರು ಅನ್ನುವುದು ಮನೆಯಲ್ಲಿ ಕೂತು ತೀರ್ಮಾನ ಆಗುವ ವಿಷಯವಲ್ಲ. ಅದನ್ನು ತಿಳಿಯಲು ಕಡಿಮೆ ಖರ್ಚಿನ ದಾರಿ ಒಂದಿದೆ. ಕೆರಿಬಿಯನ್‌ನಲ್ಲಿ ಚಳಿಗಾಲ ಕಳೆದ ಹಡಗುಗಳು ಏಪ್ರಿಲ್, ಮೇ ಹೊತ್ತಿಗೆ ಅಟ್ಲಾಂಟಿಕ್ ದಾಟಿ ಯುರೋಪಿಗೆ ಬರುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ವಾಪಸ್ ಹೋಗುತ್ತವೆ. ಇವನ್ನು ರೀಪೊಸಿಷನಿಂಗ್ ಕ್ರೂಸ್ ಅನ್ನುತ್ತಾರೆ. ಹಡಗು ಹೇಗೂ ಹೋಗಲೇಬೇಕು, ಬಂದರುಗಳೂ ಕಡಿಮೆ. ಹಾಗಾಗಿ ಒಂದು ರಾತ್ರಿಯ ದರ ಸಾಮಾನ್ಯ ಕ್ರೂಸಿಗಿಂತ ಬಹಳ ಸಲ ಕಡಿಮೆ ಇರುತ್ತದೆ. ಎರಡು ವಾರದ ಆಸುಪಾಸು, ಅದರಲ್ಲಿ ಒಂದು ವಾರದಷ್ಟು ನೆಲವೇ ಕಾಣದ ದಿನಗಳು. ಇಬ್ಬರೂ ಹೋಗಿ ಬನ್ನಿ. ಆ ಒಂದು ವಾರ ನಿಮ್ಮ ಹೆಂಡತಿಗೆ ಹೇಗೆ ಕಳೆಯಿತು ಅಂತ ಅವರ ಬಾಯಿಂದಲೇ ಕೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಅವರಿಗೆ ಕಡಲು ಇಷ್ಟವೋ ಇಲ್ಲವೋ ನೀವು ಬರೆದೇ ಇಲ್ಲ. ಬಾಲ್ಕನಿ ಕ್ಯಾಬಿನ್ ಅಂದರೂ ಒಳಗಿನ ಜಾಗ ಸಾಮಾನ್ಯವಾಗಿ 170ರಿಂದ 200 ಚದರಡಿ. ಅಷ್ಟರಲ್ಲಿ ಮೂರೂವರೆ ತಿಂಗಳು ಇಬ್ಬರು ಇರಬೇಕು. ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಇಬ್ಬರಿಗೂ ಕಷ್ಟ. ಬಾಲ್ಕನಿಗೆ ಕೊಡುವ ದುಡ್ಡು ದಂಡ ಅಂತ ಕೆಲವರು ಹೇಳುತ್ತಾರೆ. ವಾರದ ಕ್ರೂಸಿಗೆ ಆ ಮಾತು ಸರಿ. ಇಷ್ಟು ಉದ್ದದ ಯಾತ್ರೆಯಲ್ಲಿ ನಾನು ಒಪ್ಪುವುದಿಲ್ಲ. ಒಬ್ಬರು ಒಳಗೆ ಮಲಗಿರುವಾಗ ಇನ್ನೊಬ್ಬರು ಬಾಗಿಲು ಎಳೆದುಕೊಂಡು ಹೊರಗೆ ಕೂರಬಹುದು ಅನ್ನುವುದು ದೊಡ್ಡ ಅನುಕೂಲ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕೇಳಿ. ಅಲ್ಲಿ ಅಲುಗಾಟ ಕಡಿಮೆ.

ಈಗ ದುಡ್ಡಿನ ಮಾತು. ನೀವು ಹೇಳುವ ಕಾಲು ಭಾಗ ಟಿಕೆಟ್ಟಿನ ದರ ಮಾತ್ರ ಅಂತ ನನ್ನ ಊಹೆ. ಯಾತ್ರೆಯ ಕೊನೆಯ ರಾತ್ರಿ ಕೌಂಟರಿನ ಮುಂದೆ ಉದ್ದ ಸಾಲು ನಿಲ್ಲುತ್ತಿತ್ತು. ಎಲ್ಲರ ಕೈಯಲ್ಲೂ ಬಿಲ್. ದೊಡ್ಡ ಕಂಪನಿಗಳ ಹಡಗಿನಲ್ಲಿ ಟಿಪ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ, ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು. 18 ಅಂತ ಹಿಡಿದರೂ ಇಬ್ಬರಿಗೆ 110 ದಿನಕ್ಕೆ 3,960 ಡಾಲರ್. ಇದರಲ್ಲಿ ಕಡಿತ ಮಾಡಬೇಡಿ, ನಿಮ್ಮ ಕ್ಯಾಬಿನ್ ಒರೆಸುವವರ ಸಂಪಾದನೆ ಅದು. ಕೆಲವು ವಿಶ್ವಯಾನಗಳಲ್ಲಿ ಟಿಪ್, ವೈಫೈ, ಲಾಂಡ್ರಿ ಟಿಕೆಟ್ಟಿನಲ್ಲೇ ಸೇರಿರುತ್ತವೆ. ಕೆಲವದರಲ್ಲಿ ಇಲ್ಲ. ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಇದರ ಮೇಲೆ ಬಂದರಿನ ಟೂರ್‌ಗಳು, ಹಡಗು ಹತ್ತಲು ಮತ್ತು ಇಳಿದ ಮೇಲೆ ವಿಮಾನ, ಒಂದೊಂದು ದೇಶದ ವೀಸಾ. ಆಫ್ರಿಕಾ ಅಥವಾ ದಕ್ಷಿಣ ಅಮೆರಿಕ ಮುಟ್ಟುವ ದಾರಿಯಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆಯೇ ಅದು ಊರ್ಜಿತ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ಶೂರೆನ್ಸ್. ಪೆಸಿಫಿಕ್ ನಡುವೆ ಒಬ್ಬ ಹಿರಿಯರಿಗೆ ಎದೆನೋವು ಬಂತು. ಹಡಗಿನ ಆಸ್ಪತ್ರೆಯಲ್ಲಿ ಇಸಿಜಿ ಇತ್ತು, ಔಷಧಿ ಇತ್ತು, ಒಳ್ಳೆಯ ಡಾಕ್ಟರೂ ಇದ್ದರು. ಹೃದಯದ ಆಪರೇಷನ್ ಮಾಡುವ ಸೌಲಭ್ಯ ಯಾವ ಕ್ರೂಸ್ ಹಡಗಿನಲ್ಲೂ ಇರುವುದಿಲ್ಲ. ದಡದ ಹೆಲಿಕಾಪ್ಟರ್ ಅಷ್ಟು ದೂರ ಬರಲಾರದು. ಬಂದರು ಸಿಗುವವರೆಗೆ ಅವರನ್ನು ಹಾಗೇ ನೋಡಿಕೊಂಡರು. ಅವರು ಉಳಿದರು. ಆದರೆ ಗುರುತೇ ಇಲ್ಲದ ಊರಿನ ಆಸ್ಪತ್ರೆಗೆ ಅವರ ಹೆಂಡತಿ ಸೂಟ್‌ಕೇಸ್ ಎಳೆದುಕೊಂಡು ಇಳಿದು ಹೋದರು. ಆ ದಿನ ನಾನೇ ಅವರ ಲೆಕ್ಕ ಮುಗಿಸಿಕೊಟ್ಟಿದ್ದು. ಆಕೆ ಕೇಳಿದ್ದು ಒಂದೇ ಮಾತು: "ಇದಕ್ಕೆಲ್ಲ ಇನ್ಶೂರೆನ್ಸ್ ಬರುತ್ತಾ?"

ನೀವು ಆ ಪ್ರಶ್ನೆಯನ್ನು ಈಗಲೇ ಕೇಳಿ. ನಿಮ್ಮ ಪಾಲಿಸಿ 110 ದಿನವನ್ನೂ ಒಪ್ಪುತ್ತದಾ? ಬಹಳಷ್ಟು ಪಾಲಿಸಿಗಳಲ್ಲಿ ಒಂದು ಪ್ರವಾಸಕ್ಕೆ ಇಷ್ಟೇ ದಿನ ಅಂತ ಮಿತಿ ಇರುತ್ತದೆ. ಈಗಾಗಲೇ ಇರುವ ಬಿಪಿ, ಸಕ್ಕರೆ ಕಾಯಿಲೆ ಸೇರುತ್ತದಾ? ಬೇರೆ ದೇಶದಿಂದ ರೋಗಿಯನ್ನು ಮನೆಗೆ ಕರೆತರುವ ಖರ್ಚು ಕೊಡುತ್ತಾರಾ? ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ, ಕಷ್ಟಕ್ಕೆ ಬೀಳುವುದು ಆಗಲೇ. ನಿಮ್ಮ ವಯಸ್ಸಿಗೆ ಇದರ ಕಂತು ದೊಡ್ಡದಾಗಿಯೇ ಇರುತ್ತದೆ. ಅದು ಕೈಗೆಟುಕದಿದ್ದರೆ ಆ ಕ್ರೂಸೂ ಕೈಗೆಟುಕದು ಅಂತಲೇ ತಿಳಿಯಿರಿ.

ಇನ್ನೊಂದು ವಿಷಯ. 40 ಬಂದರು ಅಂತ ಬರೆದಿರುವುದು ಮಾತು ಕೊಟ್ಟ ಹಾಗಲ್ಲ. ದಾರಿ ಬದಲಿಸುವ ಹಕ್ಕನ್ನು ಕಂಪನಿ ಕರಾರಿನಲ್ಲಿ ಉಳಿಸಿಕೊಂಡಿರುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ, 2024ರಲ್ಲಿ ಆ ಸಮುದ್ರಕ್ಕೆ ಸೇರುವ ಸೂಯೆಜ್ ಕಾಲುವೆಯ ಮೂಲಕ ಹೋಗಬೇಕಿದ್ದ ಹಲವು ವಿಶ್ವಯಾನಗಳು ಆಫ್ರಿಕಾ ಬಳಸಿ ಹೋದವು. ಅದೇ 2023ರಲ್ಲಿ ಮೂರು ವರ್ಷದ ಕ್ರೂಸ್ ಒಂದು ಹೊರಡುವ ಮೊದಲೇ ರದ್ದಾಯಿತು. ಜನರಿಂದ ದುಡ್ಡು ತೆಗೆದುಕೊಂಡಾಗಿತ್ತು, ಹಡಗು ಮಾತ್ರ ಸಿಗಲಿಲ್ಲ. ಮುಂಗಡ ಕಟ್ಟುವ ಮುನ್ನ ನೀವು ಹತ್ತಬೇಕಾದ ಹಡಗು ಈಗ ಎಲ್ಲಿ ಓಡುತ್ತಿದೆ ಅಂತ ಒಮ್ಮೆ ನೋಡಿ.

ನನ್ನ ಅಭಿಪ್ರಾಯ ಹೇಳುತ್ತೇನೆ. ಈ ಮೂರು ವಾರದ ಗಡುವನ್ನು ಬಿಟ್ಟುಬಿಡಿ. ವಿಶ್ವಯಾನದ ಹಡಗುಗಳು ಹೆಚ್ಚಾಗಿ ಪ್ರತಿ ವರ್ಷ ಜನವರಿ ಆಸುಪಾಸಿನಲ್ಲಿ ಹೊರಡುತ್ತವೆ, ಮುಂದಿನ ವರ್ಷವೂ ಹೊರಡುತ್ತವೆ. ಟಿಕೆಟ್ಟಿಗೇ ಕಾಲು ಭಾಗ ಹೋದರೆ ಉಳಿದ ಖರ್ಚು ಸೇರಿ ಉಳಿತಾಯದ ಮೂರನೇ ಒಂದು ಭಾಗದ ಹತ್ತಿರ ಬರುತ್ತದೆ. ಮುಂದಿನ ಇಪ್ಪತ್ತು ವರ್ಷ ಅದೇ ದುಡ್ಡಿನಲ್ಲಿ ಬದುಕಬೇಕಾದವರಿಗೆ ನಾನು ಹೂಂ ಅನ್ನಲಾರೆ. ಮೊದಲು ಅಟ್ಲಾಂಟಿಕ್ ದಾಟಿ. ಇಬ್ಬರಿಗೂ ಹಿಡಿಸಿದರೆ ವಿಶ್ವಯಾನದ ಒಂದು ಭಾಗವನ್ನು ಮಾತ್ರ ಕೊಳ್ಳಿ, ಸೆಗ್ಮೆಂಟ್ ಅಂತ ಅದನ್ನು ಬಿಡಿಯಾಗಿ ಮಾರುತ್ತಾರೆ. ಪನಾಮಾ ಕಾಲುವೆಗೆ ಮುಂಚಿನ ಬಂದರಿನಿಂದ ಸಿಡ್ನಿವರೆಗಿನ ಭಾಗ ಕೇಳಿ. ಕಾಲುವೆ, ಪೆಸಿಫಿಕ್, ದಿನರೇಖೆ ಎಲ್ಲ ಅದರಲ್ಲೇ ಬರುತ್ತವೆ. ಉಳಿದ ದುಡ್ಡಲ್ಲಿ ನಿಮ್ಮ ಹೆಂಡತಿ ಹೇಳುವ ದೇಶಗಳಿಗೂ ಹೋಗಬಹುದು. ಅವರ ಪಟ್ಟಿ ಏನಿದೆ ಅಂತ ಕೇಳಿದ್ದೀರಾ?

ಪ್ರಶ್ನೆ: ನಾನು 58ರ ಒಂಟಿ ಮಹಿಳೆ. ಒಂದು ತಿಂಗಳ ಕ್ರೂಸ್ ವಿಚಾರಿಸಿದರೆ ಇಬ್ಬರ ದುಡ್ಡನ್ನೂ ನಾನೊಬ್ಬಳೇ ಕೊಡಬೇಕಂತೆ. ಬೇರೆ ದಾರಿ ಇದೆಯಾ?

ಉತ್ತರ: ಕ್ಯಾಬಿನ್ ದರವನ್ನು ಇಬ್ಬರು ಇರುತ್ತಾರೆ ಅಂತ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಒಬ್ಬರೇ ಹೋದರೆ ದುಪ್ಪಟ್ಟಿನವರೆಗೂ ಆಗಬಹುದು. ಒಬ್ಬರಿಗೇ ಅಂತ ಮಾಡಿದ ಕ್ಯಾಬಿನ್ ಇರುವ ಹಡಗುಗಳೂ ಇವೆ. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್‌ನಲ್ಲಿ ಅವಿದ್ದವು, ಕ್ವೀನ್ ಮೇರಿ 2 ಹಡಗಿಗೆ 2016ರ ನವೀಕರಣದಲ್ಲಿ ಸೇರಿಸಿದರು. ಇಂಥವು ಕಡಿಮೆ, ಬೇಗ ತುಂಬಿಹೋಗುತ್ತವೆ. ಬುಕಿಂಗ್ ತೆರೆದ ಕೂಡಲೇ ಕೇಳಬೇಕು. ಮೇಲೆ ಹೇಳಿದ ಅಟ್ಲಾಂಟಿಕ್ ದಾಟುವ ಯಾತ್ರೆಗಳಲ್ಲಿ ಕ್ಯಾಬಿನ್ ಉಳಿದಿದ್ದರೆ ಒಂಟಿಯವರ ಹೆಚ್ಚುವರಿ ದರವನ್ನು ಇಳಿಸುವುದೂ ಉಂಟು. ಇಷ್ಟು ಶೇಕಡಾ ರಿಯಾಯಿತಿ ಅಂದರೆ ಒಪ್ಪಬೇಡಿ, ಎಲ್ಲ ಸೇರಿ ಕೊನೆಗೆ ಎಷ್ಟು ಅಂತ ಕೇಳಿ.

ಅಪರಿಚಿತರ ಜೊತೆ ಕ್ಯಾಬಿನ್ ಹಂಚಿಕೊಳ್ಳಿ ಅಂತ ಕೆಲವು ಏಜೆಂಟರು ಸೂಚಿಸಬಹುದು. ತಿಂಗಳ ಯಾತ್ರೆಗೆ ಅದು ಬೇಡ. ಮೊದಲ ವಾರದಲ್ಲೇ "ಬೇರೆ ಕ್ಯಾಬಿನ್ ಕೊಡಿ" ಅಂತ ಕೌಂಟರಿಗೆ ಬಂದವರಿಗೆ, ಹಡಗು ತುಂಬಿದೆ ಅಂತ ಹೇಳಿ ಕಳಿಸಬೇಕಾಗುತ್ತಿತ್ತು. ಒಬ್ಬರೇ ಊಟಕ್ಕೆ ಕೂರಲು ಸಂಕೋಚ ಅನ್ನಿಸಿದರೆ ಬುಕ್ ಮಾಡುವಾಗಲೇ ಆರು ಅಥವಾ ಎಂಟು ಜನರ ಟೇಬಲ್ ಬೇಕು ಅಂತ ಬರೆಸಿ. ಜೊತೆ ಹಿಡಿಸದಿದ್ದರೆ ಊಟದ ಹಾಲಿನ ಮೇಲ್ವಿಚಾರಕರಿಗೆ ಹೇಳಿ, ಟೇಬಲ್ ಬದಲಿಸಿ ಕೊಡುತ್ತಾರೆ. ಅದಕ್ಕೆ ದುಡ್ಡೇನೂ ಇಲ್ಲ.