ಹಳೇ ಲಾರಿ ಎಂಜಿನ್‌ನಲ್ಲಿ ಎಲ್ಲಾ ಬಿಗಿ ಮಾಡಿದರೂ ಡೀಸೆಲ್ ಸೋರುತ್ತಿದೆ, ಪಂಪ್ ಬಿಚ್ಚಿಸಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಿಲಿಂಡರ್‌ಗಳಿಗೆ ಡೀಸೆಲ್ ಒತ್ತಿ ಕಳಿಸುವ ಮೆಕ್ಯಾನಿಕಲ್ ಪಂಪ್ ಇರುವ ಹಳೇ ಆರು ಸಿಲಿಂಡರ್ ಎಂಜಿನ್. ಪಂಪಿನ ಕೆಳಗೆ ಡೀಸೆಲ್ ತೊಟ್ಟಿಕ್ಕುತ್ತಿದೆ. ಫಿಲ್ಟರ್ ಬದಲಾಯಿಸಿದ್ದೀರಿ, ಕೈಗೆ ಸಿಕ್ಕ ನಟ್ಟುಗಳನ್ನೆಲ್ಲ ಬಿಗಿ ಮಾಡಿದ್ದೀರಿ, ನಿಂತಿಲ್ಲ. ಸಾಲದ್ದಕ್ಕೆ ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಪಂಪ್ ಬಿಚ್ಚಿಸಿ ರಿಪೇರಿಗೆ ಕೊಡಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಮೊದಲು ಸ್ಪ್ಯಾನರ್ ಪಕ್ಕಕ್ಕಿಟ್ಟು ಬಟ್ಟೆ ಹಿಡಿಯಿರಿ.

ನಾನೂ ಇದೇ ದಾರಿಯಲ್ಲಿ ಎಡವಿದವನು. ಪಂಪಿನ ಕೆಳಗೆ ಹನಿ ಕಂಡಿತು, ಪಂಪ್ ಹೋಗಿದೆ ಅಂತ ತೀರ್ಮಾನ ಮಾಡಿದೆ. ಎರಡು ದಿನ ಅದರ ಹಿಂದೆಯೇ ಬಿದ್ದಿದ್ದೆ. ಕೊನೆಗೆ ನೋಡಿದರೆ ಸೋರುತ್ತಿದ್ದದ್ದು ಮೇಲೆ, ಫಿಲ್ಟರ್ ಹೆಡ್‌ನ (ಫಿಲ್ಟರ್ ಕೂರುವ ಮೇಲಿನ ಭಾಗ) ಹಿಂಬದಿಯ ಬ್ಯಾಂಜೋ ಬೋಲ್ಟ್‌ನಲ್ಲಿ, ಅಂದರೆ ಪೈಪಿನ ತುದಿಯ ಬಳೆಯೊಳಗೆ ತೂರಿ ಅದನ್ನು ಹಿಡಿಯುವ ಬೋಲ್ಟ್‌ನಲ್ಲಿ. ಡೀಸೆಲ್ ಪೈಪಿನ ಗುಂಟ ಇಳಿದು, ಬ್ರಾಕೆಟ್ ದಾಟಿ, ಪಂಪಿನ ಎಲ್ಲಕ್ಕಿಂತ ತಗ್ಗಿನ ಮೂಲೆಗೆ ಬಂದು ಅಲ್ಲಿಂದ ಬೀಳುತ್ತಿತ್ತು. ಅಷ್ಟರಲ್ಲಿ ನಾನು ಚೆನ್ನಾಗಿದ್ದ ಇನ್ನೊಂದು ಬೋಲ್ಟನ್ನು ಬಿಗಿ ಮಾಡಿ ಮಾಡಿ ಮುರಿದು ಹಾಕಿದ್ದೆ. ಬ್ಯಾಂಜೋ ಬೋಲ್ಟ್ ಒಳಗೆ ಟೊಳ್ಳು, ಜಾಸ್ತಿ ಜೋರು ತಡೆಯುವುದಿಲ್ಲ.

ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆ ಬದಿಯನ್ನೆಲ್ಲ ಡಿಗ್ರೀಸರ್ ಹಾಕಿ ಉಜ್ಜಿ ತೊಳೆಯಿರಿ. ಬಿಸಿ ಇದ್ದಾಗ ಪಂಪಿಗೆ ತಣ್ಣೀರು ಹೊಡೆಯಬೇಡಿ. ಒಳಗೆ ಡೀಸೆಲ್ ಒತ್ತುವ ಪ್ಲಂಜರ್ ಎಂಬ ಸಣ್ಣ ಕಡ್ಡಿಗಳಿಗೆ ಜಾಗ ಕೂದಲೆಳೆಗಿಂತ ಕಡಿಮೆ, ಹೊರಗಿನ ಬಾಡಿ ತಟ್ಟನೆ ಕುಗ್ಗಿದರೆ ಹಿಡಿದುಕೊಂಡು ಬಿಡಬಹುದು. ಚೆನ್ನಾಗಿ ಒಣಗಿಸಿ, ಮೇಲಿಂದ ಟಾಲ್ಕಂ ಪೌಡರ್ ಅಥವಾ ಸೀಮೆಸುಣ್ಣದ ಪುಡಿ ಉದುರಿಸಿ. ಈಗ ಸ್ಟಾರ್ಟ್ ಮಾಡಿ. ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಆ ಗೆರೆಯ ಮೇಲಿನ ತುದಿ ಎಲ್ಲಿದೆಯೋ ಅಲ್ಲೇ ಸೋರಿಕೆ. ಸಣ್ಣದಾಗಿದ್ದರೆ ಅರ್ಧ ಗಂಟೆ ಕಾಯಬೇಕಾದೀತು. ಕಾಯಿರಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ನಾಜಲ್‌ಗೆ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋಗುವ ಕಬ್ಬಿಣದ ಪೈಪುಗಳ ಮೇಲೆ ಬೆರಳಾಡಿಸಿ ಹುಡುಕಬೇಡಿ. ಹಳೇ ಎಂಜಿನ್‌ಗಳಲ್ಲೂ ನಾಜಲ್ ತೆರೆಯುವುದೇ ಸುಮಾರು 200 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು) ಒತ್ತಡದಲ್ಲಿ. ಸೂಜಿಮೊನೆಯಷ್ಟು ಬಿರುಕಿನಿಂದ ಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಾಗಿ ಇರದಿರಬಹುದು. ಆದರೆ ಕೆಲವೇ ಗಂಟೆಗಳಲ್ಲಿ ಕೈ ಕಳೆದುಕೊಳ್ಳುವ ಹಂತಕ್ಕೆ ಹೋಗಬಹುದು. ಹಾಗೇನಾದರೂ ಆದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಒತ್ತಡದಲ್ಲಿ ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ಹುಡುಕಲು ಒಂದು ರಟ್ಟಿನ ತುಂಡು ಹಿಡಿದರೆ ಸಾಕು, ಒದ್ದೆಯಾಗುತ್ತದೆ.

ಈಗ ನಿಮ್ಮ ಬೆಳಗಿನ ತೊಂದರೆ. ಇದು ಆ ಹನಿಯಿಂದಲೇ ಆಗಿದೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಎರಡು ಬೇರೆ ಬೇರೆ ಸೋರಿಕೆ ಇರಬಹುದು ಅನ್ನಿಸುತ್ತಿದೆ. ಯಾಕೆ ಅಂದರೆ, ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಫೀಡ್ ಪಂಪಿನಿಂದ ಮುಂದಕ್ಕೆ ಡೀಸೆಲ್ ಒತ್ತಡದಲ್ಲಿರುತ್ತದೆ, ತೂತಿದ್ದರೆ ಹೊರಗೆ ಬರುತ್ತದೆ. ಆದರೆ ಟ್ಯಾಂಕಿನಿಂದ ಫೀಡ್ ಪಂಪ್‌ವರೆಗೆ ಅದು ಎಳೆತದಲ್ಲಿರುತ್ತದೆ. ಅಲ್ಲಿ ತೂತಿದ್ದರೆ ಎಂಜಿನ್ ಓಡುವಾಗ ಹನಿಯೇ ಬೀಳುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ನಿಲ್ಲಿಸಿದ ಮೇಲೆ ಆ ತೂತಿನಿಂದ ಗಾಳಿ ನುಗ್ಗಿ, ಡೀಸೆಲ್ ಮೆಲ್ಲಗೆ ತಗ್ಗಿನಲ್ಲಿರುವ ಟ್ಯಾಂಕಿಗೆ ವಾಪಸ್ಸು ಇಳಿಯುತ್ತದೆ. ಬೆಳಿಗ್ಗೆ ನೀವು ಸೆಲ್ಫ್ ಹೊಡೆಯುವುದು ಖಾಲಿ ಪೈಪ್ ತುಂಬಿಸುವುದಕ್ಕೆ. ಕಣ್ಣಿಗೆ ಕಾಣುವ ಲೀಕ್‌ಗಿಂತ ಇದೇ ಜಾಸ್ತಿ ಕಾಡಿಸುತ್ತದೆ.

ನೋಡಲು ಸುಲಭ. ನಾಳೆ ಬೆಳಿಗ್ಗೆ ಕೀ ತಿರುಗಿಸುವ ಮೊದಲು ಫೀಡ್ ಪಂಪ್ ಮೇಲಿನ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ತುಂಬಿಸುವ ಗುಂಡಿ) ಒತ್ತಿ. ಮೊದಲು ಸಡಿಲವಾಗಿದ್ದು ಆಮೇಲೆ ಗಟ್ಟಿಯಾಗಿ, ಎಂಜಿನ್ ತಟ್ಟನೆ ಎದ್ದರೆ, ರಾತ್ರಿ ಡೀಸೆಲ್ ಹಿಂದಕ್ಕೆ ಹೋಗಿದೆ ಅಂತಲೇ ಅರ್ಥ. ಇನ್ನೂ ಖಚಿತ ಬೇಕಾದರೆ ಶುದ್ಧ ಡೀಸೆಲ್ ಇರುವ ಕ್ಯಾನ್ ಒಂದನ್ನು ಎಂಜಿನ್‌ಗಿಂತ ಎತ್ತರದಲ್ಲಿ ಕಟ್ಟಿ, ಹೊಸ ಪೈಪ್‌ನಲ್ಲಿ ನೇರವಾಗಿ ಫೀಡ್ ಪಂಪ್‌ಗೆ ಕೊಡಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸರಾಗವಾಗಿ ಸ್ಟಾರ್ಟ್ ಆದರೆ ತಪ್ಪು ಟ್ಯಾಂಕಿನ ಕಡೆ ಇರುವ ಸಾಧ್ಯತೆ ಹೆಚ್ಚು. ಟ್ಯಾಂಕಿನೊಳಗಿನ ಹೀರುವ ಪೈಪ್ ಬಿರುಕು ಬಿಟ್ಟಿರಬಹುದು, ಚಾಸಿಗೆ ಉಜ್ಜಿ ಉಜ್ಜಿ ಲೈನ್ ತೆಳ್ಳಗಾಗಿರಬಹುದು, ಕ್ಲಿಪ್ ಕೆಳಗೆ ರಬ್ಬರ್ ಒಣಗಿ ಸೀಳಿರಬಹುದು. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಲೈನ್‌ನಲ್ಲಿ ಸ್ವಲ್ಪ ದೂರ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆಗಳು ಕಣ್ಣೆದುರೇ ಕಾಣುತ್ತವೆ. ಪರೀಕ್ಷೆಗೆ ಮಾತ್ರ, ಅದನ್ನೇ ಕಾಯಂ ಮಾಡಬೇಡಿ.

ರಬ್ಬರ್ ಅಂದೆನಲ್ಲ, ಹಳೇ ಎಂಜಿನ್‌ಗಳು ಈಗ ಇದ್ದಕ್ಕಿದ್ದ ಹಾಗೆ ಸೋರಲು ಇದೂ ಒಂದು ಕಾರಣ. ಮೊದಲಿನ ಡೀಸೆಲ್‌ನಲ್ಲಿ ಸಾವಿರಾರು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಗಂಧಕ ಇರುತ್ತಿತ್ತು, ಈಗ ಹಲವು ದೇಶಗಳಲ್ಲಿ 10–15 ಪಿಪಿಎಂ ಅಷ್ಟೇ. ಗಂಧಕ ತೆಗೆಯುವಾಗ ಹಳೇ ನೈಟ್ರೈಲ್ ರಬ್ಬರ್ ಸೀಲ್‌ಗಳನ್ನು ಉಬ್ಬಿಸಿ ಇಡುತ್ತಿದ್ದ ಅಂಶಗಳೂ ಕಡಿಮೆಯಾಗುತ್ತವೆ. ವರ್ಷಗಟ್ಟಲೆ ಉಬ್ಬಿಕೊಂಡಿದ್ದ ಸೀಲ್ ಕುಗ್ಗುತ್ತದೆ, ಸೋರುತ್ತದೆ. ಬಯೋಡೀಸೆಲ್ ಜಾಸ್ತಿ ಬೆರೆತಿದ್ದರೆ ಹಳೇ ರಬ್ಬರ್ ಮೆತ್ತಗಾಗಿ ಹಾಳಾಗುವುದೂ ಉಂಟು. ಹೊಸದು ಹಾಕುವಾಗ ಡೀಸೆಲ್ ತಡೆಯುವ ವೈಟಾನ್ ರಬ್ಬರಿನ ಓ-ರಿಂಗ್ (ದುಂಡನೆಯ ಸೀಲ್) ಕೇಳಿ. ರಬ್ಬರ್ ಪೈಪ್‌ಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಕೂರಬೇಡಿ, ಮಿಕ್ಕ ಡೀಸೆಲ್ ವಾಪಸ್ಸು ಒಯ್ಯುವ ಓವರ್‌ಫ್ಲೋ ಪೈಪ್‌ಗಳೂ ಸೇರಿ ಎಲ್ಲಾ ಒಟ್ಟಿಗೆ. ಒಂದೇ ವಯಸ್ಸಿನವು ತಾನೆ.

ನೀವು ಫಿಲ್ಟರ್ ಬದಲಾಯಿಸಿದ ಮೇಲೆ ಸೋರಿಕೆ ಜಾಸ್ತಿಯಾಯಿತಾ? ಹಾಗಿದ್ದರೆ ಮತ್ತೆ ಬಿಚ್ಚಿ ನೋಡಿ. ಹಳೇ ರಿಂಗ್ ಹೆಡ್‌ಗೆ ಅಂಟಿಕೊಂಡೇ ಇದ್ದು, ಅದರ ಮೇಲೆ ಹೊಸದು ಕೂತಿರಬಹುದು. ನಗಬೇಡಿ, ಪಳಗಿದವರೂ ಮಾಡುವ ತಪ್ಪು ಇದು.

ಬ್ಯಾಂಜೋ ಬೋಲ್ಟ್‌ನ ತಾಮ್ರದ ವಾಷರ್ ಒಮ್ಮೆ ಒತ್ತಿಸಿಕೊಂಡರೆ ಗಟ್ಟಿಯಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕುವುದೇ ಸರಿ. ಸಿಗದಿದ್ದರೆ ಹಳೆಯದನ್ನು ಮಂದ ಕೆಂಪಾಗುವ ತನಕ ಕಾಯಿಸಿ ತಣ್ಣಗಾಗಲು ಬಿಡಿ, ಮತ್ತೆ ಮೆತ್ತಗಾಗುತ್ತದೆ. ಮೇಲಿನ ಕಪ್ಪನ್ನು ನಯವಾದ ಎಮರಿ ಪೇಪರ್‌ನಲ್ಲಿ ತೆಗೆದು ಹಾಕಿ. ಬೋಲ್ಟಿಗೆ ಎರಡು ವಾಷರ್, ಪೈಪಿನ ಆಚೆಗೊಂದು ಈಚೆಗೊಂದು. ಟೆಫ್ಲಾನ್ ಟೇಪ್ ಮಾತ್ರ ಸುತ್ತಬೇಡಿ. ಅದರ ಚೂರು ಒಳಗೆ ಹೋದರೆ ನಾಜಲ್‌ಗೆ ಸಿಕ್ಕಿಕೊಳ್ಳುತ್ತದೆ.

ನಾಜಲ್ ಪೈಪ್ ನಟ್ಟಿನಲ್ಲಿ ಸೋರಿದರೆ, ಎರಡೂ ತುದಿ ಸಡಿಲ ಮಾಡಿ, ಪೈಪಿನ ತುದಿಯ ಕೋನ್ ನೇರವಾಗಿ ಕೂರುವ ಹಾಗೆ ಕೈಯಲ್ಲೇ ಹಿಡಿಸಿ, ಆಮೇಲೆ ಬಿಗಿ ಮಾಡಿ. ಎರಡು ಸ್ಪ್ಯಾನರ್ ಬೇಕು. ಒಂದರಲ್ಲಿ ನಟ್ಟಿನ ಕೆಳಗಿನ ಹೋಲ್ಡರ್ ತಿರುಗದ ಹಾಗೆ ಹಿಡಿದುಕೊಳ್ಳಿ. ಪೈಪೇ ಬಿರಿದಿದ್ದರೆ ಬೆಸುಗೆ ಹಾಕಿಸಬೇಡಿ, ಹೊಸ ಪೈಪ್ ಹಾಕಿ. ಜೊತೆಗೆ ಪೈಪುಗಳನ್ನು ಒಟ್ಟಿಗೆ ಹಿಡಿಯುವ ಕ್ಲಾಂಪ್ ಇದೆಯಾ ನೋಡಿ. ಅದನ್ನು ಬಿಚ್ಚಿ ಎಲ್ಲೋ ಕಳೆದಿರುತ್ತಾರೆ, ಪೈಪ್ ನಡುಗಿ ನಡುಗಿ ಬಿರಿಯುತ್ತದೆ.

ಪುಡಿಯ ಪರೀಕ್ಷೆಯಲ್ಲಿ ಪಂಪಿನ ಮೇಲ್ಭಾಗ, ಅಂದರೆ ನಾಜಲ್ ಪೈಪುಗಳು ಶುರುವಾಗುವ ಡೆಲಿವರಿ ವಾಲ್ವ್ ಹೋಲ್ಡರ್‌ಗಳ ಬುಡವೇ ಒದ್ದೆಯಾದರೆ ಒಳಗಿನ ಓ-ರಿಂಗ್ ಹೋಗಿರಬಹುದು. ಇದನ್ನು ಅಂದಾಜಿನಲ್ಲಿ ಬಿಗಿ ಮಾಡುವುದು ಅಪಾಯ. ಜಾಸ್ತಿಯಾದರೆ ಒಳಗಿನ ಬ್ಯಾರೆಲ್ (ಪ್ಲಂಜರ್ ಆಡುವ ಕೊಳವೆ) ಒತ್ತಿಸಿಕೊಂಡು, ಡೀಸೆಲ್ ಪ್ರಮಾಣ ನಿಯಂತ್ರಿಸುವ ರ‍್ಯಾಕ್ ಸಿಕ್ಕಿಕೊಳ್ಳಬಹುದು. ಆಗ ಕಾಲು ತೆಗೆದರೂ ಎಂಜಿನ್ ವೇಗ ಇಳಿಯುವುದಿಲ್ಲ. ಪಂಪ್ ರಿಪೇರಿಯವರ ಹತ್ತಿರ ಹೋಗಬೇಕಾದದ್ದು ಈ ಸಂದರ್ಭಕ್ಕೆ.

ಎಂಜಿನ್ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿದ್ದೀರಾ? ಪ್ರಶ್ನೆಯಲ್ಲಿ ಬರೆದಿಲ್ಲ. ಆಯಿಲ್ ಮಟ್ಟ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಲಾರಿ ಓಡಿಸಬೇಡಿ. ಫೀಡ್ ಪಂಪ್ ಅಥವಾ ದೊಡ್ಡ ಪಂಪಿನ ಸೀಲ್ ದಾಟಿ ಡೀಸೆಲ್ ಆಯಿಲ್‌ಗೆ ಸೇರುತ್ತಿರಬಹುದು. ತೆಳ್ಳಗಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ.

ಕೆಲಸ ಮುಗಿದ ಮೇಲೆ ಲೈನ್‌ನಲ್ಲಿ ಸಿಕ್ಕಿಕೊಂಡ ಏರ್ ತೆಗೆಯಿರಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಪ್ರೈಮರ್ ಒತ್ತಿ ಮುಚ್ಚಿ. ಆಮೇಲೆ ಪಂಪಿನ ಸ್ಕ್ರೂ, ಅದೇ ರೀತಿ. ಇನ್ನೂ ಎದ್ದೇಳದಿದ್ದರೆ ಎರಡು ನಾಜಲ್ ನಟ್ ಸ್ವಲ್ಪ ಸಡಿಲಿಸಿ, ಮೇಲೆ ಬಟ್ಟೆ ಹಾಕಿ, 10–15 ಸೆಕೆಂಡ್ ಮೀರದ ಹಾಗೆ ಸೆಲ್ಫ್ ಹೊಡೆಯಿರಿ. ಡೀಸೆಲ್ ಬಂದ ಕೂಡಲೇ ಬಿಗಿ ಮಾಡಿ. ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಮೇಲೆ ಬಿದ್ದದ್ದನ್ನು ಒರೆಸದೆ ಓಡಿಸಬೇಡಿ, ಕಾದ ಮೇಲೆ ಹೊತ್ತಿಕೊಳ್ಳುತ್ತದೆ.

ರಾತ್ರಿ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ಏನಿತ್ತು, ಪ್ರೈಮರ್ ಎಷ್ಟು ಸಲ ಒತ್ತಬೇಕಾಯಿತು, ಡಿಪ್‌ಸ್ಟಿಕ್ ಎಷ್ಟು ತೋರಿಸಿತು, ಈ ಮೂರನ್ನು ಬರೆಯಿರಿ. ಪಂಪಿನ ವಿಷಯ ಆಮೇಲೆ ನೋಡೋಣ.