ಗೇಮ್ ಕೊಳ್ಳುತ್ತೇನೆ, ಆಡುವ ಮನಸ್ಸು ಮಾತ್ರ ಬರುತ್ತಿಲ್ಲ

ಪ್ರಶ್ನೆ: ನನಗೆ 28 ವರ್ಷ, ಊರು ಹಾಸನ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೈಸ್ಕೂಲಿನಲ್ಲಿ ‘ಇಎ ಕ್ರಿಕೆಟ್ 07’ ಆಡದ ಭಾನುವಾರವೇ ಇರಲಿಲ್ಲ. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಮೊದಲ ಮೂರು ವರ್ಷ ರಾತ್ರಿಯೆಲ್ಲ ‘ಕೌಂಟರ್ ಸ್ಟ್ರೈಕ್ 1.6’ ಆಡುತ್ತಿದ್ದೆವು. ಏಳನೇ ಸೆಮಿಸ್ಟರಿನ ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿ ಅದು ಹೇಗೋ ನಿಂತುಹೋಯಿತು. ನಿಲ್ಲಿಸಬೇಕೆಂದು ನಾನು ತೀರ್ಮಾನಿಸಿದ್ದಂತೂ ಇಲ್ಲ. ಕಳೆದ ವರ್ಷ ಬೋನಸ್ ಹಣದಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಂಡೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿಯಾಯಿತಿ ಬಂದಾಗಲೆಲ್ಲ ಕೊಂಡ ಗೇಮ್‌ಗಳು ಮೂವತ್ತು ದಾಟಿವೆ, ತೆರೆದು ನೋಡಿದ್ದು ಐದೋ ಆರೋ. ಅರ್ಧ ಗಂಟೆ ಆಡುವಷ್ಟರಲ್ಲಿ ಬೇಸರವಾಗಿ ಮುಚ್ಚಿಬಿಡುತ್ತೇನೆ. ಇದು ಖಿನ್ನತೆಯ ಲಕ್ಷಣವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಖಿನ್ನತೆಯಲ್ಲಿ ಆಸಕ್ತಿ ಬತ್ತುವುದು ಸಾಮಾನ್ಯವಾಗಿ ಒಂದೇ ಹವ್ಯಾಸಕ್ಕೆ ಸೀಮಿತವಾಗಿರುವುದಿಲ್ಲ. ಊಟ ರುಚಿಸುವುದಿಲ್ಲ, ನಿದ್ದೆ ಏರುಪೇರಾಗುತ್ತದೆ, ಗೆಳೆಯರ ಫೋನ್ ಎತ್ತುವುದೂ ಭಾರವೆನಿಸುತ್ತದೆ. ಇಂಥ ಸ್ಥಿತಿ ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಕಾಡುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣುತ್ತಿಲ್ಲ. ಗೇಮ್ ಬಿಡಲಾಗದೆ ಒದ್ದಾಡುವವರ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅಂಥವರಿಗೆ ನೆರವಾಗಲು ನಮ್ಮ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಗೇಮ್ ತಾನಾಗಿಯೇ ಕೈಬಿಟ್ಟುಹೋದವರಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ಹಾಗಾದರೆ ಕಳೆದುಹೋದದ್ದೇನು? ‘ಕೌಂಟರ್ ಸ್ಟ್ರೈಕ್’ ಆಟದ ಒಂದು ನಿಯಮವನ್ನು ನೆನಪಿಸಿಕೊಳ್ಳಿ. ಗುಂಡು ತಗುಲಿ ಸತ್ತವನು ಆ ಸುತ್ತು ಮುಗಿಯುವ ತನಕ ಮತ್ತೆ ಆಡುವಂತಿಲ್ಲ, ಉಳಿದವರ ಆಟವನ್ನು ನೋಡುತ್ತ ಕೂರಬೇಕು. ಹಾಸ್ಟೆಲಿನಲ್ಲಿ ಕಿಟಕಿಯಿಂದ ಕಿಟಕಿಗೆ ಎಳೆದ ಲ್ಯಾನ್ ಕೇಬಲ್ಲಿನ ಆ ರಾತ್ರಿಗಳಲ್ಲಿ ನಿಮ್ಮ ಅರ್ಧ ಸಮಯ ಕಳೆದದ್ದು ಹೀಗೆ ಸತ್ತು ಕುಳಿತೇ ಇರಬೇಕು. ಪಕ್ಕದ ಕೋಣೆಯಿಂದ ‘ಹೆಡ್‌ಶಾಟ್’ ಎಂಬ ಕೂಗು ಕೇಳುವುದು, ಕೊಂದವನ ಬಾಗಿಲಿಗೆ ಹೋಗಿ ಬೈದು ಬರುವುದು, ಮಾರನೆಯ ದಿನದ ಇಂಟರ್ನಲ್ಸ್‌ಗೆ ಯಾವ ಮಾಡ್ಯೂಲ್ ಬಿಡಬಹುದೆಂದು ಲೆಕ್ಕ ಹಾಕುವುದು, ಯಾರದೋ ಡಬ್ಬಿಯ ಚಕ್ಕುಲಿ ಖಾಲಿ ಮಾಡುವುದು, ಇವೆಲ್ಲ ನಡೆದದ್ದು ಆ ಬಿಡುವಿನಲ್ಲೇ. ಬಾಡಿಗೆಯ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕುಳಿತಾಗ ಗುಂಡು ಹಾರಿಸುವ ಭಾಗವಷ್ಟೇ ಸಿಗುತ್ತದೆ, ಬೈಯಲು ಪಕ್ಕದ ಕೋಣೆ ಇರುವುದಿಲ್ಲ. ಪಬ್ಜಿಯ ವಿಷಯದಲ್ಲೂ ಇದನ್ನೇ ಕಂಡಿದ್ದೇನೆ. 2018ರಲ್ಲಿ ಅದು ಮೊಬೈಲಿಗೆ ಬಂದಾಗ ಊರೂರಿಗೆ ಚದುರಿಹೋಗಿದ್ದ ಸಹಪಾಠಿಗಳು ನಾಲ್ವರ ಸ್ಕ್ವಾಡ್‌ ಕಟ್ಟಿಕೊಂಡು ರಾತ್ರಿ ಊಟದ ನಂತರ ಸೇರುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷ ಬಿಜಿಎಂಐ ಎಂಬ ಹೆಸರಿನಲ್ಲಿ ಆಟ ಮರಳಿ ಬಂದರೂ ನನಗೆ ಗೊತ್ತಿದ್ದ ಎರಡು ಮೂರು ಗುಂಪುಗಳು ಮರಳಿ ಸೇರಲೇ ಇಲ್ಲ. ಅಷ್ಟರಲ್ಲಿ ಒಬ್ಬನಿಗೆ ಮದುವೆಯಾಗಿತ್ತು, ಇನ್ನೊಬ್ಬನಿಗೆ ರಾತ್ರಿ ಪಾಳಿ ಬಿದ್ದಿತ್ತು.

ಇನ್ನೊಂದು ಕಾರಣ ನಿಮ್ಮ ಬೆರಳುಗಳಲ್ಲಿದೆ. ಮೂರು ವಾರ ಮುಚ್ಚಿಟ್ಟ ಕಾದಂಬರಿಯನ್ನು ಎರಡು ಪುಟ ಹಿಂದಕ್ಕೆ ತಿರುವಿ ಓದಿದರೆ ಕಥೆ ಕೈಗೆ ಸಿಗುತ್ತದೆ. ಮೂರು ವಾರದ ನಂತರ ತೆರೆದ ದೊಡ್ಡ ಗೇಮಿನಲ್ಲಿ ಯಾವ ಗುಂಡಿ ಒತ್ತಿದರೆ ಗುರಾಣಿ ಮೇಲೇಳುತ್ತದೆ, ಈ ಕಾಡಿಗೆ ಏಕೆ ಬಂದಿದ್ದೆ, ಚೀಲದಲ್ಲಿರುವ ಈ ಬೇರಿನಿಂದ ಏನು ಪ್ರಯೋಜನ ಎಂಬುದೆಲ್ಲ ಮರೆತುಹೋಗಿ, ಎದುರಿಗೆ ಬಂದ ಮೊದಲ ತೋಳವೇ ನಿಮ್ಮನ್ನು ಮುಗಿಸಿಬಿಡುತ್ತದೆ. ಅದಕ್ಕೂ ಮುನ್ನ ಅಪ್‌ಡೇಟ್ ಇಳಿಯಲು ಮುಕ್ಕಾಲು ಗಂಟೆ ಕಾಯಬೇಕು. ಮೇಲಾಗಿ, ಹಗಲೆಲ್ಲ ಆಫೀಸಿನ ಕೆಲಸಪಟ್ಟಿಯಾದ ಜಿರಾದಲ್ಲಿ ಒಂದೊಂದೇ ಟಿಕೆಟ್ ಮುಗಿಸಿ ಬಂದವರಿಗೆ ರಾತ್ರಿ ಅದೇ ಕುರ್ಚಿಯಲ್ಲಿ ಕುಳಿತಾಗ ಪರದೆಯ ಮೂಲೆಯಲ್ಲಿ ಇಳಿಬಿಟ್ಟಿರುವ ‘ಮಾಡಬೇಕಾದ ಕೆಲಸಗಳ’ ಪಟ್ಟಿ ಆಟದಂತೆ ಕಾಣುವುದಾದರೂ ಹೇಗೆ? ಐವತ್ತು ಗಂಟೆ ಬೇಡುವ ಗೇಮ್ ಅನ್ನು ವಾರಕ್ಕೆ ಎರಡು ಗಂಟೆಯಂತೆ ಆಡಿದರೆ ಮುಗಿಯಲು ಆರು ತಿಂಗಳು ಬೇಕೆಂಬುದು ನಿಮಗೂ ತಿಳಿಯದ ಲೆಕ್ಕವಲ್ಲ. ನಾನೂ ಕಾಲೇಜು ದಿನಗಳಲ್ಲಿ ಗಂಟೆಗೆ 20 ರೂಪಾಯಿಯ ಸೈಬರ್ ಕೆಫೆಯಲ್ಲಿ ‘ಏಜ್ ಆಫ್ ಎಂಪೈರ್ಸ್’ ಆಡಿ, ಬಸ್ಸಿನ ದುಡ್ಡೂ ಖರ್ಚಾಗಿ ನಡೆದೇ ಮನೆ ಸೇರಿದವನು. ಅದರ ಹೊಸ ಆವೃತ್ತಿ 2019ರಲ್ಲಿ ಬಂದ ದಿನವೇ ಕೊಂಡೆ. ಆಡಿದ್ದು ಎಷ್ಟೆಂದು ಕೇಳಬೇಡಿ.

ಸದ್ಯಕ್ಕೆ ರಿಯಾಯಿತಿಯ ಖರೀದಿಯನ್ನು ನಿಲ್ಲಿಸಿ. ಇಳಿಸಿಕೊಂಡಿರುವ ಗೇಮ್‌ಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಲ್ಯಾಪ್‌ಟಾಪಿನಿಂದ ಅಳಿಸಿದರೂ ನಷ್ಟವಿಲ್ಲ, ಅವು ನಿಮ್ಮ ಸ್ಟೀಮ್ ಖಾತೆಯಲ್ಲಿ ಇದ್ದೇ ಇರುತ್ತವೆ. ಹಾಸ್ಟೆಲಿನ ಮೂವರಿಗೆ ಫೋನ್ ಮಾಡಿ ತಿಂಗಳ ಎರಡನೇ ಶನಿವಾರದ ರಾತ್ರಿ ಎಂದು ಗೊತ್ತುಮಾಡಿ, ಹಳೆಯ 1.6 ಅನ್ನೇ ಆಡಿ. ಗುರಿ ತಪ್ಪುತ್ತದೆ, ಕೈ ನಿಧಾನವಾಗಿರುತ್ತದೆ, ಅದನ್ನೇ ಹೇಳಿಕೊಂಡು ನಗಬಹುದು. ಒಬ್ಬರೇ ಇದ್ದ ದಿನ ಐದು ಓವರಿನ ಒಂದು ಕ್ರಿಕೆಟ್ ಪಂದ್ಯ ಸಾಕು. ಅಷ್ಟಾದರೂ ಹಿಡಿಸದಿದ್ದರೆ ಬಿಟ್ಟುಬಿಡಿ. ಲ್ಯಾಪ್‌ಟಾಪಿಗೆ ಕೊಟ್ಟ ಹಣ ಹಿಂದಕ್ಕೆ ಬರಲೆಂದು ಆಡುವುದು ಶನಿವಾರವೂ ಆಫೀಸಿಗೆ ಹೋದಂತೆ.

ಪ್ರಶ್ನೆ: ಮಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ. ಚಿಕ್ಕವನಿದ್ದಾಗ ಅವನ ಸೋದರಮಾವ ಕೊಟ್ಟಿದ್ದ ಪ್ಲೇಸ್ಟೇಷನ್ 2ರ ಮುಂದಿನಿಂದ ಅವನನ್ನು ಎಬ್ಬಿಸುವುದೇ ನಮಗೊಂದು ಕೆಲಸವಾಗಿತ್ತು. ಈಗ ಎರಡು ವರ್ಷದಿಂದ ಅದನ್ನು ಮುಟ್ಟಿಲ್ಲ. ಗುಜರಿಗೆ ಹಾಕಬಹುದೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಮುಟ್ಟುತ್ತಿಲ್ಲ ಎಂದರೆ ಬೇಡವಾಗಿದೆ ಎಂದೇ ಅರ್ಥವಲ್ಲ ತಾಯಿ, ಅವನನ್ನೊಮ್ಮೆ ಕೇಳಿ. ಕೊಡು ಎಂದರೂ ಕೊಡುವ ಮುನ್ನ ಯಂತ್ರದ ಮುಂಭಾಗದಲ್ಲಿ ಸಿಕ್ಕಿಸಿರುವ, ಬೆಂಕಿಪೊಟ್ಟಣದಷ್ಟು ಅಗಲದ ಮೆಮೊರಿ ಕಾರ್ಡನ್ನು ತೆಗೆದಿಡಿ. ಅದರಲ್ಲಿರುವುದು ಬರೀ 8 ಎಂಬಿ ಜಾಗ. ನೀವು ಎಬ್ಬಿಸಲು ಬಂದಾಗಲೆಲ್ಲ ‘ಒಂದೇ ನಿಮಿಷ, ಸೇವ್ ಮಾಡಿ ಬರ್ತೀನಿ’ ಎನ್ನುತ್ತಿದ್ದನಲ್ಲ, ಆ ಆಟಗಳೆಲ್ಲ ಸೇವ್ ಆಗಿರುವುದು ಅದರಲ್ಲೇ.